ಗಣಕದ ನವೀಕರಣವೂ ಪ್ರತಿರಕ್ಷಣೆಯೂ

ಓಲೆಗರಿಗಳ ಕಾಲದಲ್ಲಿ ಹಳೆಯ ಗ್ರಂಥವು ಶಿಥಿಲವಾಗುವ ಮೊದಲೇ ಲಿಪಿಕಾರನು ಹೊಸ ಪ್ರತಿಯನ್ನು ಬರೆದಿಡುತ್ತಿದ್ದನು. ದಾಖಲಾತಿ ಪಟ್ಟಿ, ಅಂಕಪಟ್ಟಿ, ಪ್ರಶ್ನೆಪತ್ರಿಕೆಗಳೆಲ್ಲವೂ ಗಣಕಯಂತ್ರವನ್ನು ಸೇರಿರುವ ಇಂದು ಆ ಎಚ್ಚರವು ಇಮ್ಮಡಿಯಾಗಬೇಕಾಗಿದೆ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಇಂದು ಅನೇಕ ಶಾಲೆಗಳಿಗೆ ಆಸರೆಯಾಗಿದೆ. ಕಾಸರಗೋಡಿನ ಸರಕಾರಿ ಕನ್ನಡ ಶಾಲೆಗಳಲ್ಲಿ, ಕೇರಳದ ಕೈಟ್ ಸಂಸ್ಥೆಯು ಉಬುಂಟುವನ್ನು ಆಧರಿಸಿ ರೂಪಿಸಿದ ವ್ಯವಸ್ಥೆಯು ಬಳಕೆಯಲ್ಲಿದೆ. ಬೆಲೆಯಿಲ್ಲದೆ ದೊರೆಯುವುದು ಇದರ ಒಂದು ಗುಣ. ಕೆಟ್ಟರೆ ಸರಿಪಡಿಸುವ ದಾರಿಯು ಬಳಸುವವರ ಕೈಯಲ್ಲಿಯೇ ಇರುವುದು ಅದಕ್ಕಿಂತ ಹಿರಿಯ ಗುಣ.

ಅಪ್‌ಡೇಟ್ ಎಂದರೆ ನವೀಕರಣ, ಅರ್ಥಾತ್ ದೋಷಗಳನ್ನು ತಿದ್ದುವ ಕಾರ್ಯ. ಅದನ್ನು ಕೈಬಿಡಲಾಗದು. ಆದರೆ ತಿದ್ದುಪಡಿಯಲ್ಲಿಯೇ ತಪ್ಪು ನುಸುಳಿರಬಹುದು. ಹೇಮಗುಡ್ಡದಂತಹ ಗ್ರಾಮದಲ್ಲಿ ಕೆಲಸ ಅರ್ಧಕ್ಕೆ ಬಂದಾಗ ವಿದ್ಯುತ್ತು ಹೋದರೂ ಅದೇ ಗತಿ. ಪರದೆಯು ಕಪ್ಪಾಗಿ ನಿಂತಿತೆಂದು ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಲು ಹೊರಡುವುದು ಅವಿವೇಕ.

ಯಂತ್ರವು ಆರಂಭವಾಗುವಾಗ ಶಿಫ್ಟ್ ಕೀಲಿಯನ್ನು, ಹೊಸ ಯಂತ್ರಗಳಲ್ಲಿ ಎಸ್ಕೇಪ್ ಕೀಲಿಯನ್ನು ಒತ್ತಿದರೆ ಗ್ರಬ್ ಎಂಬ ಪಟ್ಟಿ ತೋರುತ್ತದೆ. ಉಬುಂಟು ಹೊಸ ಕರ್ನೆಲ್ಲಿನೊಡನೆ ಹಿಂದಿನದನ್ನೂ ಉಳಿಸಿಕೊಂಡಿರುತ್ತದೆ. ಪಟ್ಟಿಯಿಂದ ಹಳೆಯದನ್ನು ಆರಿಸಿದರೆ ಯಂತ್ರವು ಎಷ್ಟೋ ಸಲ ಎಚ್ಚರಗೊಳ್ಳುತ್ತದೆ. ಅರ್ಧಕ್ಕೆ ನಿಂತ ತಂತ್ರಾಂಶಗಳನ್ನು ಪೂರ್ಣಗೊಳಿಸಲು ಅಲ್ಲಿಯೇ ರಿಕವರಿ ವಿಭಾಗದಲ್ಲಿ ಡಿಪಿಕೆಜಿ ಎಂಬ ಸಾಧನವುಂಟು.

ಇದೂ ಫಲಿಸದಿದ್ದರೆ ಮೊದಲೇ ತೆಗೆದಿಟ್ಟ ಪ್ರತಿಯೊಂದೇ ಗತಿ. ಟೈಮ್‌ಶಿಫ್ಟ್ ಎಂಬ ತಂತ್ರಾಂಶವು ನವೀಕರಣಕ್ಕೆ ಮುನ್ನಿನ ವ್ಯವಸ್ಥೆಯ ಯಥಾಸ್ಥಿತಿಯನ್ನು ಕಾದಿರಿಸುತ್ತದೆ. ಲಿನಕ್ಸ್ ಮಿಂಟ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಿ, ಅದರಲ್ಲಿರುವ ಟೈಮ್‌ಶಿಫ್ಟಿನ ಮೂಲಕ ಆ ಸ್ಥಿತಿಗೆ ಮರಳಬಹುದು. ಆ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿಡತಕ್ಕದ್ದು. ಮನೆ ಸುಟ್ಟಾಗ ಕೀಲಿಕೈಯೂ ಒಳಗೇ ಇದ್ದರೆ ಫಲವೇನು? ಆ ಡಿಸ್ಕು ಲಿನಕ್ಸಿನದೇ ಆದ ಇಎಕ್ಸ್‌ಟಿ4 ಮಾದರಿಯಲ್ಲಿರುವುದು ಲೇಸು.

ಇಲ್ಲಿ ಬಹುಜನರು ಎಡವುವ ಸ್ಥಳವೊಂದಿದೆ. ಟೈಮ್‌ಶಿಫ್ಟ್ ತಾನಾಗಿ ಕಾಯುವುದು ವ್ಯವಸ್ಥೆಯನ್ನು ಮಾತ್ರ. ಹೋಮ್ ಎಂಬ ಕೋಶದಲ್ಲಿರುವ ಅಧ್ಯಾಪಕರ ಬರಹಗಳನ್ನಲ್ಲ. ಅವುಗಳಿಗೆ ಆರ್‌ಸಿಂಕ್ ಮೊದಲಾದವುಗಳಿಂದ ಪ್ರತ್ಯೇಕ ಪ್ರತಿ ಬೇಕು. ಮೂಲದಲ್ಲಿ ಅಳಿದುದನ್ನು ಪ್ರತಿಯಲ್ಲಿಯೂ ಅಳಿಸುವ ಆಯ್ಕೆಯು ಅದರಲ್ಲಿರುವುದರಿಂದ ಬಳಸುವಾಗ ಜಾಗರೂಕತೆ ಅವಶ್ಯ. ಒಟ್ಟು 3 ಪ್ರತಿಗಳು, 2 ಬಗೆಯ ಸಾಧನಗಳು, 1 ಪ್ರತಿ ಶಾಲೆಯ ಹೊರಗೆ: ಬಲ್ಲವರು ಹಾಕಿಕೊಟ್ಟ ಲೆಕ್ಕವಿದು.

ಬೇಸಿಗೆಯ ರಜೆಗೆ ಮುನ್ನ ಈ ಪ್ರತಿಗಳಿಂದ ಕೆಲವು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಅದಕ್ಕೆ ಅರ್ಧ ಗಂಟೆ ಸಾಕು.