ಹದ ನೋಡಿ ಬಿತ್ತನೆ, ಸಿದ್ಧತೆ ಮಾಡಿ ಇನ್‌ಸ್ಟಾಲ್

ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಲು ಒಂದು ಸಾಲಿನ ಕಮಾಂಡ್ ಸಾಕು. ಆದರೆ ಕೆಲಸಕ್ಕೆ ಸೇರಿದ ನನ್ನ ಸೀನಿಯರ್‌ಗಳು ಹೇಳುವ ಪ್ರಕಾರ, ಸಂದರ್ಶನದಲ್ಲಿ ಬರುವ ಪ್ರಶ್ನೆ ಬೇರೆ: ‘ಹೊಸ ಸರ್ವರ್ ಕೊಟ್ಟರೆ ಮೊದಲು ಏನೇನು ನೋಡುತ್ತೀರಿ?’ ನಮ್ಮ ಹುಲಿಕೆರೆ ಕಡೆ ಹದ ನೋಡದೆ ಯಾರೂ ರಾಗಿ ಬಿತ್ತುವುದಿಲ್ಲ. ಸರ್ವರ್ ವಿಷಯವೂ ಹಾಗೆಯೇ.

ಇದು ಹಳೆಯ ಪಾಠ. 1986ರಲ್ಲಿ ಶುರುವಾದ ಎರ್ನೆಟ್ ಯೋಜನೆಯಲ್ಲಿ ಐಐಟಿಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಆರಂಭದಲ್ಲಿ ಇ-ಮೇಲ್ ಸಾಗಿದ್ದು ಟೆಲಿಫೋನ್ ಲೈನ್ ಮೇಲೆ, ಯುಯುಸಿಪಿ ಎಂಬ ಯುನಿಕ್ಸ್ ತಂತ್ರಾಂಶದ ಮೂಲಕ. ಅದಕ್ಕೆ ಯಂತ್ರದ ಹೆಸರು, ಆ ಕಡೆಯ ಯಂತ್ರದ ಫೋನ್ ನಂಬರ್, ಲಾಗಿನ್, ಪಾಸ್‌ವರ್ಡ್ ಎಲ್ಲವನ್ನೂ ಮೊದಲೇ ಫೈಲಿನಲ್ಲಿ ಬರೆದಿಡಬೇಕಿತ್ತು.

ಇಂದು ಯುನಿಕ್ಸ್ ಮಾದರಿಯ ಲಿನಕ್ಸ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ‘ಪ್ರೊಸೊಡಿ’ ಎಂಬ ಚಾಟ್ ಸರ್ವರ್ ಹಾಕಬೇಕು ಎಂದುಕೊಳ್ಳಿ. ಅದಕ್ಕೂ ಮುನ್ನ ಐದು ಕೆಲಸಗಳಿವೆ.

ಒಂದು, ಜಾಗ. ಡಿಸ್ಕ್ ಮತ್ತು ಮೆಮೊರಿ ಎಷ್ಟು ಖಾಲಿ ಇದೆ ನೋಡಿ, ಸಿಸ್ಟಮ್ ಅಪ್‌ಡೇಟ್ ಮಾಡಿ. ಡಿಸ್ಕ್ ತುಂಬಿದರೆ ಲಾಗ್ ಕೂಡ ಬರೆಯಲಾಗದು, ತೊಂದರೆ ಏನೆಂದು ತಿಳಿಯುವುದೇ ಕಷ್ಟ.

ಎರಡು, ಹೆಸರು ಮತ್ತು ವಿಳಾಸ. ಸರ್ವರ್‌ಗೆ ಬದಲಾಗದ ಐಪಿ ವಿಳಾಸ ಕೊಡಿ. ಹೆಸರು ಕೇಳಿದರೆ ಅದೇ ವಿಳಾಸ ಬರುತ್ತದೆಯೇ ಪರೀಕ್ಷಿಸಿ.

ಮೂರು, ಸಮಯ. ಗಡಿಯಾರ ತಪ್ಪಿದ್ದರೆ ಸರಿಯಾದ ಭದ್ರತಾ ಪ್ರಮಾಣಪತ್ರವೂ ಅವಧಿ ಮೀರಿದಂತೆ ಕಾಣಬಹುದು.

ನಾಲ್ಕು, ಬಾಗಿಲು. ಚಾಟ್ ಆ್ಯಪ್‌ಗೆ 5222, ಬೇರೆ ಸರ್ವರ್‌ಗಳ ಜೊತೆ ಮಾತಿಗೆ 5269 ಪೋರ್ಟ್. ಅವನ್ನು ಬೇರೆ ಪ್ರೋಗ್ರಾಂ ಹಿಡಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಫೈರ್‌ವಾಲ್‌ನಲ್ಲಿ ಬೇಕಾದ ಪೋರ್ಟ್ ಮಾತ್ರ ತೆರೆಯಿರಿ. ದೂರದಿಂದ ಲಾಗಿನ್ ಆಗಿದ್ದರೆ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ಮುಚ್ಚಬೇಡಿ, ನೀವೇ ಹೊರಗುಳಿಯುತ್ತೀರಿ.

ಐದು, ಬಳಕೆದಾರ. ತಂತ್ರಾಂಶವನ್ನು ‘ರೂಟ್’ ಅಧಿಕಾರದಲ್ಲಿ ಓಡಿಸಬಾರದು. ಅದರಲ್ಲೊಂದು ದೋಷವಿದ್ದರೆ ಇಡೀ ಯಂತ್ರ ಪರರ ಕೈಗೆ ಹೋಗಬಹುದು. ಡೆಬಿಯನ್ ಲಿನಕ್ಸ್‌ನಲ್ಲಿ ಪ್ರೊಸೊಡಿಗೆ ಪ್ರತ್ಯೇಕ ಬಳಕೆದಾರ ತಾನಾಗಿಯೇ ಸೃಷ್ಟಿಯಾಗುತ್ತಾನೆ. ಇಷ್ಟಾದ ಮೇಲೆ ಸೆಟ್ಟಿಂಗ್ ಫೈಲ್‌ಗಳ ಪ್ರತಿ ತೆಗೆದಿಟ್ಟು ಇನ್‌ಸ್ಟಾಲ್ ಮಾಡಿ.

ಇದನ್ನು ಕಲಿಯಲು ದುಬಾರಿ ಕೋರ್ಸ್ ಬೇಕಿಲ್ಲ, ಬೆಂಗಳೂರಿನಲ್ಲಿ ಪಿಜಿ ಹುಡುಕಬೇಕಿಲ್ಲ. ಮೂಲೆಗೆ ಬಿದ್ದ 2 ಜಿಬಿ ರ್‍ಯಾಮ್‌ನ ಹಳೆಯ ಕಂಪ್ಯೂಟರ್, ಮನೆಯ ವೈ-ಫೈ, ಎರಡು ಮೊಬೈಲ್ ಸಾಕು. ಒಮ್ಮೆ ಎಲ್ಲ ಡೌನ್‌ಲೋಡ್ ಆಗಿ ಸೆಟ್ಟಿಂಗ್ ಮುಗಿದರೆ, ಹಳ್ಳಿಯಲ್ಲಿ ಇಂಟರ್ನೆಟ್ ಕೈಕೊಟ್ಟಾಗಲೂ ಮನೆಯೊಳಗೆ ಸಂದೇಶ ಹರಿದಾಡುತ್ತದೆ.

ಮಾಡಿದ್ದನ್ನೆಲ್ಲ ದಿನಾಂಕ ಸಮೇತ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾವ ಕಮಾಂಡ್, ಯಾಕೆ, ಏನು ಬಂತು. ರೆಸ್ಯೂಮೆಯಲ್ಲಿ ‘ಲಿನಕ್ಸ್ ಗೊತ್ತು’ ಎಂದು ಯಾರು ಬೇಕಾದರೂ ಬರೆಯಬಹುದು. ಯಾಕೆ ಹಾಗೆ ಮಾಡಿದೆ ಎಂದು ವಿವರಿಸಲು ಮಾಡಿ ನೋಡಿದವರಿಗೆ ಮಾತ್ರ ಸಾಧ್ಯ.