ಗೋಡೆ ನೋಡುವ ಮೊದಲು ಪತ್ರ ನೋಡಿ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಇನ್ನೊಬ್ಬರು ಕಟ್ಟಿದ ಮನೆಯನ್ನು ಕೊಳ್ಳುವ ಕಷ್ಟವನ್ನು ಮಾತ್ರ ಅವರು ಹೇಳಲಿಲ್ಲ. 1970ರ ದಶಕದಲ್ಲಿ ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಮುಂತಾದ ಕಾರ್ಖಾನೆಗಳ ನೌಕರರು ಬಂದು ನೆಲೆಸಿದರು, ಬಡಾವಣೆಗಳು ಎದ್ದವು. ಆಗ ಮನೆ ಮಾಡಿದವರಲ್ಲಿ ಎಷ್ಟೋ ಮಂದಿ ಈಗ ನಿವೃತ್ತರು. ಮನೆ ಮಾರಿ ಮಕ್ಕಳಿದ್ದಲ್ಲಿಗೆ ಹೋಗುವವರಿದ್ದಾರೆ. ಡೆಂಕಣಿಕೋಟೆ, ತಳಿ, ಬಾಗಲೂರು ಕಡೆಯ ನಮ್ಮವರಲ್ಲಿ ಅಂಥ ಮನೆ ಕೊಳ್ಳುವವರೂ ಇದ್ದಾರೆ.

ನಾವು ಮನೆ ನೋಡಲು ಹೋದರೆ ವಾಸ್ತು, ಬಾಗಿಲು, ಬೋರ್‌ವೆಲ್ ನೀರು ಎಲ್ಲವನ್ನೂ ನೋಡುತ್ತೇವೆ. ಪತ್ರ ಮಾತ್ರ ತಮಿಳಿನಲ್ಲಿದೆ ಎಂದು ಬ್ರೋಕರಿನ ಮಾತನ್ನೇ ನಂಬುತ್ತೇವೆ. ತಮಿಳು ಮಾತಾಡಲು ನಮಗೆಲ್ಲ ಬರುತ್ತದೆ, ಆದರೆ ಪತ್ರದ ತಮಿಳು ಬೇರೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮನೆ ಸಾಲದ ಕಡತಗಳನ್ನು ತಿರುವಿದ ಅನುಭವದಿಂದ ಕೆಲವು ಮಾತು ಹೇಳುತ್ತೇನೆ.

ಮೊದಲು ಪದಗಳ ವಿಷಯ. ಗಡಿಯಾಚೆ ಅತ್ತಿಬೆಲೆಯಲ್ಲಿ ಖಾತೆ, ಪಹಣಿ ಎನ್ನುತ್ತಾರೆ. ಇಲ್ಲಿ ಪಟ್ಟಾ, ಚಿಟ್ಟಾ, ಅಡಂಗಲ್. ಅಲ್ಲಿಯ ಋಣಭಾರ ಪತ್ರಕ್ಕೆ ಇಲ್ಲಿ ವಿಲ್ಲಂಗ ಸರ್ಟಿಫಿಕೇಟ್ ಎನ್ನುತ್ತಾರೆ. ಮೂಲಪತ್ರವೇ ತಾಯ್ ಪತ್ತಿರಂ. ಚಕ್ಕುಬಂದಿ ಓದಿಸುವಾಗ ಇನ್ನೂ ಎಚ್ಚರ ಬೇಕು. ಕಿಳಕ್ಕು ಎಂದರೆ ನಮ್ಮ ಕಿವಿಗೆ ಕೆಳಕ್ಕೆ ಎಂದು ಕೇಳಿಸುತ್ತದೆ, ಅದು ಪೂರ್ವ. ಮೇರ್ಕು ಎಂದರೆ ಪಶ್ಚಿಮ. ಏರಿ ಎಂದರೆ ನಮಗೆ ಕೆರೆಯ ಕಟ್ಟೆ, ತಮಿಳಿನಲ್ಲಿ ಕೆರೆಯೇ ಏರಿ. ದಾಖಲೆಯಲ್ಲಿ ಏರಿ ಪುರಂಬೋಕು ಎಂದಿದ್ದರೆ ಅದು ಸರ್ಕಾರದ ಕೆರೆ ಜಾಗ. ಅದರ ಮೇಲೆ ಎಂಥ ಚಂದದ ಮನೆಯಿದ್ದರೂ ಕೊಳ್ಳಬೇಡಿ. ಅಳತೆಯೂ ಬೇರೆ. ಒಂದು ಸೆಂಟ್ ಎಂದರೆ 435.6 ಚದರ ಅಡಿ, ಒಂದು ಗುಂಟೆ ಎಂದರೆ 1089 ಚದರ ಅಡಿ, ಅಂದರೆ ಎರಡೂವರೆ ಸೆಂಟ್. ಬೆಲೆ ಮಾತಾಡುವಾಗ ಯಾವ ಲೆಕ್ಕ ಎಂದು ಕೇಳಿಕೊಳ್ಳಿ.

ಎರಡನೆಯದು, ಜಿಲ್ಲೆಯ ಹೆಸರು. ಹಳೆಯ ಪತ್ರದಲ್ಲಿ ಸೇಲಂ ಜಿಲ್ಲೆ ಎಂದಿರುತ್ತದೆ, ಆಮೇಲಿನದರಲ್ಲಿ ಧರ್ಮಪುರಿ, ಈಚಿನದರಲ್ಲಿ ಕೃಷ್ಣಗಿರಿ. ಇದರಿಂದ ಗಾಬರಿ ಬೇಡ. 1965ರಲ್ಲಿ ಧರ್ಮಪುರಿ ಜಿಲ್ಲೆಯೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಯೂ ಆದವು. ನೋಡಬೇಕಾದದ್ದು ಸರ್ವೆ ನಂಬರು. ಅದು ಒಡೆದು ಉಪನಂಬರು ಆಗಿದ್ದರೆ ಹಳೆಯ ನಂಬರಿಗೂ ವಿಲ್ಲಂಗ ತೆಗೆಸಿ. ಕನಿಷ್ಠ 30 ವರ್ಷದ್ದನ್ನು ನೋಡುವುದು ಒಳ್ಳೆಯದು.

ವಿಲ್ಲಂಗ ಶುದ್ಧವಾಗಿದ್ದರೆ ಮನೆಯೂ ಶುದ್ಧ ಎಂದುಕೊಳ್ಳಬೇಡಿ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಕಾಣುತ್ತದೆ. ನೋಂದಾಯಿಸದ ಮರಣಶಾಸನ, ಬಾಯಿಮಾತಿನ ಪಾಲು, ಮನೆ ತೆರಿಗೆಯ ಬಾಕಿ ಕಾಣುವುದಿಲ್ಲ. ಮೂಲಪತ್ರವನ್ನು ಯಾರಲ್ಲಾದರೂ ಇಟ್ಟು ಸಾಲ ತಂದಿದ್ದರೆ ಅದೂ ಕಾಣದೆ ಹೋಗಬಹುದು. ಆದ್ದರಿಂದ ಮಾರುವವರು ಜೆರಾಕ್ಸ್ ಮಾತ್ರ ತೋರಿಸಿದರೆ, ಅಸಲು ಎಲ್ಲಿದೆ ಎಂದು ಕೇಳಿ. ಬ್ಯಾಂಕಿನಲ್ಲಿದೆ ಎಂದರೆ ಅವರ ಜೊತೆಯಲ್ಲೇ ಬ್ಯಾಂಕಿಗೆ ಹೋಗಿ ಬಾಕಿ ಎಷ್ಟೆಂದು ಬರಹದಲ್ಲಿ ಪಡೆಯಿರಿ.

ಹೌಸಿಂಗ್ ಬೋರ್ಡ್ ಮನೆಯಾದರೆ ಅಲಾಟ್‌ಮೆಂಟ್ ಆದೇಶವೊಂದೇ ಸಾಲದು. ಕಂತುಗಳೆಲ್ಲ ತೀರಿದ ಮೇಲೆ ಬೋರ್ಡ್ ಕ್ರಯಪತ್ರ ಬರೆದುಕೊಡುತ್ತದೆ. ಅದು ನೋಂದಣಿಯಾಗಿದೆಯೇ ನೋಡಿ. ಖಾಸಗಿ ಲೇಔಟ್ ಆದರೆ ಮಂಜೂರಾತಿ ಕೇಳಿ. ಮಂಜೂರಾತಿಯಿಲ್ಲದ ಸೈಟುಗಳ ನೋಂದಣಿಗೆ 2016ರಲ್ಲಿ ಮದ್ರಾಸ್ ಹೈಕೋರ್ಟ್ ತಡೆ ಹಾಕಿತು, 2017ರಲ್ಲಿ ಸಕ್ರಮದ ನಿಯಮ ಬಂತು. ಸಕ್ರಮವಾಗಿದ್ದರೆ ಆದೇಶದ ಪ್ರತಿ ಅವರಲ್ಲಿ ಇರಲೇಬೇಕು. ಬರೀ ಪವರ್ ಪತ್ರದ ಮೇಲೆ ಕೈ ಬದಲಾದ ಮನೆಯೂ ಬೇಡ. ಅಂಥ ಪತ್ರದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು, ಹೆಣ್ಣುಮಕ್ಕಳ ರುಜು. ತಂದೆ ತೀರಿಕೊಂಡ ಮನೆಯನ್ನು ಗಂಡುಮಕ್ಕಳು ಮಾತ್ರ ನಿಂತು ಮಾರುವುದು ನಮ್ಮಲ್ಲಿ ರೂಢಿ. ಅಕ್ಕತಂಗಿಯರನ್ನು ಆನೇಕಲ್‌ಗೋ ಮಾಲೂರಿಗೋ ಕೊಟ್ಟಿದ್ದೇವೆ, ಅರಿಶಿನ ಕುಂಕುಮಕ್ಕೆ ಕೊಟ್ಟಾಯಿತು ಎನ್ನುತ್ತಾರೆ. ಕಾನೂನು ಹಾಗೆನ್ನುವುದಿಲ್ಲ. ತಂದೆ ಸ್ವಂತ ದುಡಿಮೆಯಿಂದ ಮಾಡಿದ ಮನೆಗೆ ಉಯಿಲು ಬರೆಯದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲಿ ತಮಿಳುನಾಡು 1989ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು, ಆದರೆ ಆಗಲೇ ಮದುವೆಯಾಗಿದ್ದವರನ್ನು ಬಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಪಾಲಾಗಿದ್ದ ಆಸ್ತಿಗೆ ಈ ತಿದ್ದುಪಡಿ ತಾಗದು.

ಆದ್ದರಿಂದ ತಹಸೀಲ್ದಾರರು ಕೊಟ್ಟ ವಾರಿಸು ಸರ್ಟಿಫಿಕೇಟ್ ಕೇಳಿ, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ರುಜು ಹಾಕಲಿ. ಪಾಲು ಬೇಡವೆನ್ನುವವರು ಹಕ್ಕು ಬಿಟ್ಟ ಪತ್ರವನ್ನು ನೋಂದಣಿ ಮಾಡಿಕೊಡಲಿ. ಮಾರುವವರಿಗೂ ಇದೇ ಮಾತು. ಅಕ್ಕನಿಗೆ ಹೇಳದೆ ಮಾರಿದರೆ ಕೊಂಡವನು ಕೋರ್ಟಿಗೆ ಅಲೆಯುತ್ತಾನೆ, ಅಕ್ಕ ತವರಿಗೆ ಬರುವುದು ನಿಲ್ಲುತ್ತದೆ. ಪಾಲಿನ ದುಡ್ಡು ಅದಕ್ಕಿಂತ ದೊಡ್ಡದಲ್ಲ.

ಮನೆಯಲ್ಲಿ ಯಾರಿದ್ದಾರೆ ಎಂಬುದನ್ನೂ ನೋಡಿ. ಭೋಗ್ಯಕ್ಕೆ ಇರುವವರಿಗೆ ಅವರ ಹಣ ಹಿಂದಿರುಗದೆ ಮನೆ ಖಾಲಿಯಾಗದು. ಆ ಹಣವನ್ನು ಯಾರು ಕೊಡಬೇಕೆಂಬುದು ಅಗ್ರಿಮೆಂಟಿನಲ್ಲೇ ಇರಲಿ. ತಮಿಳುನಾಡಿನಲ್ಲಿ 2012ರಿಂದ ಕ್ರಯದ ಅಗ್ರಿಮೆಂಟನ್ನೂ ನೋಂದಾಯಿಸಬೇಕು. ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯಬಾರದೆಂದು 2015ರಿಂದ ಆದಾಯ ತೆರಿಗೆ ನಿಯಮವಿದೆ. ಬ್ಯಾಂಕಿನ ಮೂಲಕವೇ ಕೊಡಿ. ಖರ್ಚಿನ ಲೆಕ್ಕದಲ್ಲಿ ನೂರಕ್ಕೆ 7ರಂತೆ ಮುದ್ರಾಂಕ ಶುಲ್ಕ ಮತ್ತು ವರ್ಗಾವಣೆ ಸುಂಕ, 2ರಂತೆ ನೋಂದಣಿ ಶುಲ್ಕ ಸೇರಿಸಿಕೊಳ್ಳಿ. ನೋಂದಣಿಯಾದ ಮೇಲೆ ಪಟ್ಟಾ, ಮನೆ ತೆರಿಗೆ, ಕರೆಂಟ್ ಮೀಟರು ಮೂರನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದನ್ನು ಮರೆಯಬೇಡಿ.

ರುಜು ಹಾಕುವ ಹಿಂದಿನ ದಿನವೇ ಪತ್ರದ ಕರಡನ್ನು ಮನೆಗೆ ತನ್ನಿ. ನಿಮ್ಮ ಮನೆಯಲ್ಲೇ ತಮಿಳು ಶಾಲೆಯಲ್ಲಿ ಓದಿದ ಮಗಳೋ ಮೊಮ್ಮಗನೋ ಇರಬಹುದು. ಅವರಿಂದ ಸಾಲು ಸಾಲಾಗಿ ಓದಿಸಿ ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳಿ. ಅರ್ಥವಾಗದ ಸಾಲಿಗೆ ಗುರುತು ಹಾಕಿ, ಅದನ್ನು ವಕೀಲರನ್ನು ಕೇಳಿ ತಿಳಿದ ಮೇಲೆಯೇ ರುಜು ಹಾಕಿ.