ಐದು ಕಾರ್ಡು, ಒಣ ಬೆರಳು

ಕಂಪ್ಯೂಟರ್ ಪಾಠಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮಕ್ಕಳಿಗಾಗಿ ರೂಪಿಸಿದ ‘ಸಿಎಸ್ ಅನ್‌ಪ್ಲಗ್ಡ್’ ಪಾಠಗಳಿಗೆ ರಟ್ಟು, ಪೆನ್ನು, ನಿಲ್ಲಲು ಒಂದಿಷ್ಟು ಜಾಗ ಇದ್ದರೆ ಸಾಕು.

ಅದರಲ್ಲೊಂದು ಆಟ ಹೀಗಿದೆ. ಐದು ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಎದುರಿಗೆ ಕೂತವರಿಗೆ ಎಡದಿಂದ ಬಲಕ್ಕೆ 16, 8, 4, 2, 1 ಚುಕ್ಕಿಗಳ ಕಾರ್ಡುಗಳು ಕಾಣಬೇಕು. ಕಾರ್ಡಿನ ಹಿಂಬದಿ ಖಾಲಿ. ‘19 ಮಾಡಿ’ ಎಂದರೆ 16, 2, 1ರ ಮಕ್ಕಳು ಚುಕ್ಕಿ ತೋರಿಸುತ್ತಾರೆ, ಉಳಿದಿಬ್ಬರು ಕಾರ್ಡು ತಿರುಗಿಸುತ್ತಾರೆ. ಚುಕ್ಕಿ ಕಂಡಲ್ಲಿ 1, ಕಾಣದಲ್ಲಿ 0 ಬರೆದರೆ 10011. ಕಂಪ್ಯೂಟರಿನೊಳಗೆ 19 ಇರುವುದೂ ಹೀಗೆಯೇ. ಸೊನ್ನೆಯಿಂದ ಎಣಿಸುತ್ತ ಹೋದರೆ 1ರ ಮಗುವಿಗೆ ಪ್ರತಿ ಸಲವೂ ಕೆಲಸ, 16ರ ಮಗುವಿಗೆ ಹದಿನಾರು ಬರುವತನಕ ಬಿಡುವು. ಯಾಕೆ ಹೀಗೆ ಎಂದು ಮಕ್ಕಳೇ ಕೇಳಲಿ, ಅವಸರಪಟ್ಟು ವಿವರಿಸಬೇಡಿ.

ಐದು ಕಾರ್ಡಿನಿಂದ 32 ಬಗೆಯ ಜೋಡಣೆ ಸಿಗುತ್ತದೆ. ಇಂಗ್ಲಿಷಿನ 26 ಅಕ್ಷರಕ್ಕೆ ಅದು ಸಾಕು. ನಮ್ಮ ವರ್ಣಮಾಲೆಯ 49ಕ್ಕೆ ಆರನೆಯ ಕಾರ್ಡು ಬೇಕು. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಿಟ್ಟ ಜಾಗಗಳು 128, ಅಂದರೆ ಏಳು ಕಾರ್ಡಿನಷ್ಟು. ಅಲ್ಲಿ ‘ಕಿ’ಗೆ ಬೇರೆ ಜಾಗವಿಲ್ಲ, ‘ಕ’ ಮತ್ತು ಗುಡಿಸು ಎಂಬ ಎರಡು ಸಂಕೇತ ಸೇರಿ ಅದಾಗುತ್ತದೆ. ಮೊಬೈಲಿನಲ್ಲಿ ‘ಕಿ’ ಬರೆದು ಒಮ್ಮೆ ಅಳಿಸಿದರೆ ಸಾಮಾನ್ಯವಾಗಿ ಗುಡಿಸು ಮಾತ್ರ ಹೋಗಿ ‘ಕ’ ಉಳಿಯುವುದು ಅದಕ್ಕೇ. ಕನ್ನಡ ಶಾಲೆಗಳ ಕೈಪಿಡಿಯಲ್ಲಿ ಈ ಪ್ರಯೋಗ ಇರಲೇಬೇಕು.

ಪರದೆಯ ಮೇಲೆ ಪ್ರೋಗ್ರಾಮಿಂಗ್ ಕಲಿಯಲು, ಓದು ಬಾರದ ಐದರಿಂದ ಏಳು ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಇದೆ, ಎಂಟು ದಾಟಿದವರಿಗೆ ಎಂಐಟಿ 2007ರಲ್ಲಿ ಹೊರತಂದ ಸ್ಕ್ರ್ಯಾಚ್. ಮಕ್ಕಳ ಮಟ್ಟಿಗೆ ಸಾಮಗ್ರಿಗೆ ಕೊರತೆಯಿಲ್ಲ. ಕೊರತೆ ಇರುವುದು ಹಿರಿಯರ ಪಾಲಿಗೆ. 2017ರಲ್ಲಿ ಶುರುವಾದ ಕೇಂದ್ರದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಯೋಜನೆ 14ರಿಂದ 60 ವರ್ಷದವರೆಗಿನವರಿಗೆ ಒಂದೇ ಬಗೆಯ 20 ಗಂಟೆಗಳ ತರಬೇತಿ ಇಟ್ಟಿತು. ಅರವತ್ತು ದಾಟಿದವರನ್ನು ಹೊರಗೇ ಬಿಟ್ಟಿತು. ಪಿಂಚಣಿಯ ದುಡ್ಡು ಬಂತೋ ಇಲ್ಲವೋ ಎಂದು ಇನ್ನೊಬ್ಬರನ್ನು ಕೇಳಬೇಕಾದವರು ಅವರೇ ಅಲ್ಲವೇ?

ಅವರ ಪಾಠ ಬೆರಳಿನಿಂದ ಶುರುವಾಗಬೇಕು. ಮೊಬೈಲಿನ ಗಾಜಿನಡಿ ಕಣ್ಣಿಗೆ ಕಾಣದ ವಾಹಕ ಜಾಲವೊಂದಿದೆ. ಬೆರಳು ತಾಕಿದಾಗ ಅಲ್ಲಿನ ವಿದ್ಯುದಾವೇಶದಲ್ಲಿ ಆಗುವ ತುಸು ಬದಲಾವಣೆಯನ್ನು ಫೋನು ಅಳೆಯುತ್ತದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ. ಹೊಲಗದ್ದೆಯಲ್ಲಿ ದುಡಿದ ಬೆರಳು ಜಡ್ಡುಗಟ್ಟಿರುತ್ತದೆ. ಆಗ ಆ ಬದಲಾವಣೆಯೂ ಕ್ಷೀಣ. ‘ಅಜ್ಜೀ, ಜೋರಾಗಿ ಒತ್ತಿ’ ಎಂದು ಕಲಿಸುವ ಹುಡುಗರು ಹೇಳುತ್ತಾರೆ. ಗಾಜು ಅಳೆಯುವುದು ಬಲವನ್ನಲ್ಲ. ಅಜ್ಜಿ ಒತ್ತಿ ಹಿಡಿದಾಗ ಫೋನು ಅದನ್ನು ಬೇರೆಯೇ ಆಜ್ಞೆ ಎಂದು ತಿಳಿದು ಐಕಾನನ್ನೇ ಸರಿಸಲು ಹೊರಡುತ್ತದೆ. ಅಜ್ಜಿ ಹೆದರಿ ಫೋನು ಕೆಳಗಿಡುತ್ತಾರೆ, ತನಗೆ ಇದು ಬಾರದು ಎಂದುಕೊಳ್ಳುತ್ತಾರೆ. ಒದ್ದೆ ಬಟ್ಟೆಗೆ ಬೆರಳು ತಾಗಿಸಿಕೊಂಡು, ಉಗುರಿನ ತುದಿ ಬಿಟ್ಟು ಬೆರಳಿನ ಮೆತ್ತನೆಯ ಭಾಗದಿಂದ ಮುಟ್ಟಿ ತೆಗೆದರೆ ಸಾಕು. ಹಿರಿಯರ ಕೈಪಿಡಿಯ ಮೊದಲ ಪುಟದಲ್ಲೇ ಇದಿರಲಿ.

ಎರಡನೆಯ ಪಾಠ ದುಡ್ಡಿನದು. ತರಗತಿಯಲ್ಲೇ ಒಬ್ಬರು ಇನ್ನೊಬ್ಬರಿಗೆ ಯುಪಿಐ ಮೂಲಕ ಒಂದು ರೂಪಾಯಿ ಕಳಿಸಲಿ. ಕಳಿಸುವವರು ಪಿನ್ ಹಾಕುತ್ತಾರೆ, ಪಡೆಯುವವರು ಏನೂ ಒತ್ತುವುದಿಲ್ಲ. ಆಮೇಲೆ ಕಳಿಸಿದವರು ಪಡೆಯಲಿ, ಪಡೆದವರು ಕಳಿಸಲಿ. ಎರಡೂ ಕಡೆ ಕೂತು ನೋಡಿದವರು, ‘ದುಡ್ಡು ಬರಲು ಪಿನ್ ಹಾಕಿ’ ಎಂಬ ಕರೆ ಬಂದಾಗ ಸುಲಭವಾಗಿ ಮೋಸಹೋಗುವುದಿಲ್ಲ. ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆಯನ್ನು ಕನ್ನಡಕವಿಲ್ಲದೆಯೂ ಓದುವಷ್ಟು ದೊಡ್ಡದಾಗಿ ಕೈಪಿಡಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಬೇಕು.